ಅಲ್ಯುಮಿನಿಯಂ ಸಿಲಿಂಡರ್ ಹೆಡ್ ದುರಸ್ತಿ

ಇಂಜಿನ್ನಿನ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಎರಕದ ಭಾಗವೇ ಸಿಲಿಂಡರ್ ಹೆಡ್. ಇಂಧನ ಉರಿಯುವ ಕೋಣೆಗೆ ಇದೇ ಚಾವಣಿ. ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದಾರಿಗಳು, ಅವನ್ನು ತೆರೆದು ಮುಚ್ಚುವ ವಾಲ್ವ್‌ಗಳು, ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್, ಕೂಲೆಂಟ್ ಮತ್ತು ಆಯಿಲ್ ಹರಿಯುವ ಒಳಗಾಲುವೆಗಳು ಎಲ್ಲವೂ ಇದರಲ್ಲೇ ಇರುತ್ತವೆ. ಇಂದಿನ ಬಹುಪಾಲು ಕಾರು, ಬೈಕು, ಆಟೊರಿಕ್ಷಾಗಳಲ್ಲಿ ಈ ಭಾಗ ಅಲ್ಯುಮಿನಿಯಂ ಮಿಶ್ರಲೋಹದ್ದು. ಅತಿಯಾಗಿ ಕಾದು ಬಾಗಿದ, ಬಿರುಕು ಬಿಟ್ಟ, ನೀರು ತಿಂದು ಗುಳಿಬಿದ್ದ, ಥ್ರೆಡ್ ಕಿತ್ತುಹೋದ ಹೆಡ್ಡನ್ನು ಅಳೆದು, ನೇರಮಾಡಿ, ಬೆಸೆದು, ಫೇಸಿಂಗ್ ಮಾಡಿ (ಮುಖವನ್ನು ಕತ್ತರಿಸಿ ಸಮಮಾಡಿ) ಮತ್ತೆ ಕೆಲಸಕ್ಕೆ ತರುವುದು ವಾಹನ ದುರಸ್ತಿಯ ನಾಜೂಕಿನ ಕೆಲಸಗಳಲ್ಲಿ ಒಂದು.

ಈ ಕೆಲಸ ಸಾಮಾನ್ಯವಾಗಿ ಎರಡು ಕಡೆ ಹಂಚಿಹೋಗಿರುತ್ತದೆ. ತುಮಕೂರು ತಾಲ್ಲೂಕಿನ ಊರ್ಡಿಗೆರೆಯಂಥ ಹೋಬಳಿ ಕೇಂದ್ರದ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಕಟ್ಟಬಹುದು. ಆದರೆ ಮಿಲ್ಲಿಂಗ್ ಯಂತ್ರ, ಸೀಟ್ ಕಟಿಂಗ್, ಆರ್ಗಾನ್ ವೆಲ್ಡಿಂಗ್, ಪ್ರೆಷರ್ ಟೆಸ್ಟ್ ಬೇಕೆಂದರೆ ಹೆಡ್ಡು ನಗರದ ಮಷಿನ್ ಶಾಪಿಗೆ ಹೋಗಬೇಕು. ಶಾಖ ಸಂಸ್ಕರಣೆಯಂಥ ದೊಡ್ಡ ಕೆಲಸಕ್ಕೆ ತುಮಕೂರು ರಸ್ತೆಯ ಇನ್ನೊಂದು ತುದಿಯ ಪೀಣ್ಯದವರೆಗೂ ಹೋಗಬೇಕಾಗುತ್ತದೆ. ಇಂಜಿನ್ ಏಕೆ ಕಾಯಿತು ಎಂಬುದು ಬಿಚ್ಚಿದವನಿಗೆ ಗೊತ್ತಿರುತ್ತದೆ. ಹೆಡ್ಡು ಎಷ್ಟು ಕೆಟ್ಟಿದೆ ಎಂಬುದು ಅಳೆದವನಿಗೆ ಗೊತ್ತಾಗುತ್ತದೆ. ಈ ಎರಡು ಅರಿವೂ ಒಂದೆಡೆ ಸೇರಿದಾಗ ಮಾತ್ರ ದುರಸ್ತಿ ಬಾಳಿಕೆ ಬರುತ್ತದೆ.

ಲೋಹದ ಗುಣ

ಹೆಡ್ಡುಗಳಿಗೆ ಬಳಸುವುದು ಶುದ್ಧ ಅಲ್ಯುಮಿನಿಯಂ ಅಲ್ಲ. ಸುಮಾರು ಶೇ 5ರಿಂದ 10ರಷ್ಟು ಸಿಲಿಕಾನ್, ಜೊತೆಗೆ ಅಲ್ಪಪ್ರಮಾಣದ ಮೆಗ್ನೀಸಿಯಂ ಅಥವಾ ತಾಮ್ರ ಸೇರಿದ ಎರಕದ ಮಿಶ್ರಲೋಹ. ಸಿಲಿಕಾನ್ ಸೇರಿದರೆ ಕರಗಿದ ಲೋಹ ಅಚ್ಚಿನ ಸಂದುಗೊಂದುಗಳಿಗೆ ಸರಾಗವಾಗಿ ಹರಿಯುತ್ತದೆ. ಮೆಗ್ನೀಸಿಯಂ ಮತ್ತು ತಾಮ್ರ ಶಾಖ ಸಂಸ್ಕರಣೆಯ ನಂತರ ಗಡಸುತನ ಕೊಡುತ್ತವೆ. ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ 150ರಿಂದ 170 ಡಿಗ್ರಿಯಲ್ಲಿ ಹದಗೊಳಿಸುವ ಕ್ರಮಕ್ಕೆ ಟಿ6 ಎಂದು ಹೆಸರು. ಈ ಹದವೇ ಹೆಡ್ಡಿನ ಬಲ. ಇಂಜಿನ್ ವಿಪರೀತ ಕಾದು ಲೋಹ 200 ಡಿಗ್ರಿ ದಾಟಿ ನಿಂತರೆ ಹದ ಇಳಿಯುತ್ತದೆ. ನೋಟಕ್ಕೆ ಹೆಡ್ಡು ಹಾಗೇ ಇದ್ದರೂ ಒಳಗೆ ಮೆತ್ತಗಾಗಿರುತ್ತದೆ.

ಅಲ್ಯುಮಿನಿಯಂ ಎರಕದ ಕಬ್ಬಿಣಕ್ಕಿಂತ ಹಗುರ. ಒಂದು ಘನ ಸೆಂಟಿಮೀಟರಿಗೆ ಇದರ ತೂಕ 2.7 ಗ್ರಾಂ, ಕಬ್ಬಿಣದ್ದು ಸುಮಾರು 7.2 ಗ್ರಾಂ. ಶಾಖವನ್ನು ಸಾಗಿಸುವುದರಲ್ಲೂ ಅದು ಕಬ್ಬಿಣವನ್ನು ಎರಡು ಮೂರು ಪಟ್ಟು ಮೀರಿಸುತ್ತದೆ. ಆದರೆ ಕಾದಾಗ ಹಿಗ್ಗುವುದೂ ಹೆಚ್ಚುಕಡಿಮೆ ಎರಡರಷ್ಟು. 450 ಮಿ.ಮೀ. ಉದ್ದದ ನಾಲ್ಕು ಸಿಲಿಂಡರಿನ ಹೆಡ್ಡು 25ರಿಂದ 105 ಡಿಗ್ರಿಗೆ ಏರಿದಾಗ ಸುಮಾರು 0.8 ಮಿ.ಮೀ. ಉದ್ದವಾಗುತ್ತದೆ, ಅದರ ಕೆಳಗಿನ ಕಬ್ಬಿಣದ ಬ್ಲಾಕು ಹಿಗ್ಗುವುದು 0.4 ಮಿ.ಮೀ. ಮಾತ್ರ. ಪ್ರತಿ ಸಲ ಇಂಜಿನ್ ಬಿಸಿಯಾಗಿ ತಣಿದಾಗಲೂ ಈ ವ್ಯತ್ಯಾಸವನ್ನು ನಡುವಿನ ಗ್ಯಾಸ್ಕೆಟ್ ಸಹಿಸಿಕೊಳ್ಳಬೇಕು. ಅಲ್ಯುಮಿನಿಯಂ ಹೆಡ್ಡಿನ ಹೆಚ್ಚಿನ ಕಷ್ಟಗಳಿಗೆಲ್ಲ ಮೂಲ ಇಲ್ಲಿದೆ.

ಕರ್ನಾಟಕದಲ್ಲಿ

ಅಲ್ಯುಮಿನಿಯಂ ಹೆಡ್ಡು ಮೊದಲು ನೆಲೆಯೂರಿದ್ದು ವಿಮಾನದ ಇಂಜಿನ್‌ಗಳಲ್ಲಿ. ಕರ್ನಾಟಕದಲ್ಲಿ ಅದರ ದುರಸ್ತಿಗೂ ಆ ನಂಟಿದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೊ ಆಯಿತು. ಕ್ಯಾಟಲಿನಾದಂಥ ವಿಮಾನಗಳು ಇಲ್ಲಿ ದುರಸ್ತಿಗೆ ಬರುತ್ತಿದ್ದವು. ಆ ವಿಮಾನಕ್ಕಿದ್ದ ಪ್ರಾಟ್ ಅಂಡ್ ವಿಟ್ನಿ ಇಂಜಿನ್ನಿನಲ್ಲಿ ಅಲ್ಯುಮಿನಿಯಂ ಹೆಡ್ಡನ್ನು ಕಾಯಿಸಿ ಉಕ್ಕಿನ ಸಿಲಿಂಡರಿನ ಮೇಲೆ ತಿರುಪಿ ಕೂರಿಸಿರುತ್ತಿದ್ದರು. ಬಿಸಿಯ ಹಿಗ್ಗನ್ನೇ ಬಿಗಿತವಾಗಿ ಬಳಸುವ ಈ ತತ್ವವನ್ನು ಇಂದು ತುಮಕೂರಿನ ಮಷಿನ್ ಶಾಪಿನಲ್ಲಿ ವಾಲ್ವ್ ಸೀಟು (ವಾಲ್ವ್ ಒತ್ತಿ ಮುಚ್ಚುವ ಉಂಗುರ) ಕೂರಿಸುವವರೂ ಪಾಲಿಸುತ್ತಾರೆ.

ರಸ್ತೆಯ ವಾಹನಗಳಲ್ಲಿ ಬದಲಾವಣೆ ನಿಧಾನವಾಗಿ ಬಂತು. ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಇಂಜಿನ್ನಿಗೆ ಕಬ್ಬಿಣದ ಹೆಡ್ಡು. ಪ್ರೀಮಿಯರ್ ಪದ್ಮಿನಿಗೆ ಅಲ್ಯುಮಿನಿಯಂ ಹೆಡ್ಡು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬೈಕುಗಳಲ್ಲಿ ವಾಲ್ವ್‌ಗಳಿಲ್ಲದ, ಗಾಳಿಗೆ ತಣಿಯುವ ರೆಕ್ಕೆಗಳಿದ್ದ ಸರಳ ಅಲ್ಯುಮಿನಿಯಂ ಹೆಡ್ಡುಗಳಿದ್ದವು. ಕರ್ನಾಟಕದ ಊರೂರಿನ ಮೆಕ್ಯಾನಿಕ್‌ಗಳು ಪ್ಲಗ್ ಥ್ರೆಡ್ ಕಿತ್ತುಹೋಗುವ ಕಷ್ಟವನ್ನು ಇಂಥ ಟೂ-ಸ್ಟ್ರೋಕ್ ಗಾಡಿಗಳಲ್ಲೂ ಎದುರಿಸಿದರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಟೈಮಿಂಗ್ ಬೆಲ್ಟ್ ಇರುವ ಮೂರು ಸಿಲಿಂಡರಿನ ಅಲ್ಯುಮಿನಿಯಂ ಹೆಡ್ಡನ್ನು ಸಣ್ಣ ಊರುಗಳಿಗೂ ತಂದಿತು. ಬಿಡದಿಯಲ್ಲಿ ನೆಲೆಸಿದ ಟೊಯೊಟಾದ ಇನ್ನೋವಾ, ನರಸಾಪುರದಲ್ಲಿ 2013ರಿಂದ ತಯಾರಾಗುತ್ತಿರುವ ಹೋಂಡಾ ಸ್ಕೂಟರುಗಳು ಬಂದ ಮೇಲಂತೂ ಇದು ದಿನನಿತ್ಯದ ಲೋಹವಾಯಿತು.

ದುರಸ್ತಿಗೆ ಬೇಕಾದ ಎಷ್ಟೋ ಯಂತ್ರಗಳೂ ಇಲ್ಲೇ ತಯಾರಾದವು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು, 1953ರಲ್ಲಿ ಹುಟ್ಟಿದ ಎಚ್‌ಎಂಟಿಯ ಜಾಲಹಳ್ಳಿ ಘಟಕದ ಯಂತ್ರಗಳು ರಾಜ್ಯದ ಎಷ್ಟೋ ಮಷಿನ್ ಶಾಪುಗಳಿಗೆ ಆಧಾರವಾದವು. ಬೆಂಗಳೂರಿನ ಜೆ.ಸಿ. ರಸ್ತೆ ಬಿಡಿಭಾಗಗಳ ಪೇಟೆಯಾಗಿ ಹೆಸರಾಯಿತು.

ಹಾಳಾಗುವ ಬಗೆಗಳು

ಬಾಗುವಿಕೆ: ಕೂಲೆಂಟ್ ಸೋರಿಹೋದರೆ, ಥರ್ಮೋಸ್ಟಾಟ್ ಕಚ್ಚಿಕೊಂಡರೆ, ಫ್ಯಾನ್ ಅಥವಾ ವಾಟರ್ ಪಂಪ್ ನಿಂತರೆ ಹೆಡ್ಡಿನ ನಡುಭಾಗ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಬೋಲ್ಟುಗಳು ಬಿಗಿಹಿಡಿದಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಲೋಹ ಒಳಗೇ ಕುಗ್ಗಿಕೊಳ್ಳುತ್ತದೆ. ತಣಿದ ಮೇಲೆ ನಡುವೆ ಮೇಲಕ್ಕೆ ಬಾಗಿ ನಿಲ್ಲುತ್ತದೆ.

ಬಿರುಕು: ಎರಡು ವಾಲ್ವ್ ಸೀಟುಗಳ ನಡುವಿನ ಕಿರಿದಾದ ಸೇತುವೆ, ಸೀಟಿನಿಂದ ಪ್ಲಗ್ ಅಥವಾ ಇಂಜೆಕ್ಟರ್ ರಂಧ್ರದ ನಡುವಿನ ಜಾಗ ಬಿರುಕಿನ ತವರು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಇಲ್ಲೇ ಬಿರಿಯುತ್ತದೆ.

ಸವೆತ: ಕೂಲೆಂಟ್ ಬದಲು ಕೊಳವೆಬಾವಿಯ ಗಡಸು ನೀರು ತುಂಬಿಸುವುದು ಬಯಲುಸೀಮೆಯ ವಾಡಿಕೆ. ಅದರ ಕ್ಲೋರೈಡ್ ಲವಣಗಳು ಅಲ್ಯುಮಿನಿಯಂ ಮೇಲಿನ ರಕ್ಷಕ ಪೊರೆಯನ್ನು ಒಡೆದು ಗುಳಿ ಕೊರೆಯುತ್ತವೆ. ಸುಣ್ಣದ ಲವಣಗಳು ಕಾಲುವೆಗಳಲ್ಲಿ ಪದರಗಟ್ಟಿ ಶಾಖ ಹೊರಹೋಗದಂತೆ ತಡೆಯುತ್ತವೆ. ಗ್ಯಾಸ್ಕೆಟ್ ಕೂರುವ ನೀರಿನ ರಂಧ್ರಗಳ ಅಂಚು ತಿಂದುಹೋಗುವುದು ಇದರ ಗುರುತು.

ಯಾಂತ್ರಿಕ ಹಾನಿ: ಟೈಮಿಂಗ್ ಬೆಲ್ಟ್ ಹರಿದರೆ ಅನೇಕ ಇಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗಳಿಗೆ ಬಡಿದು ಅವನ್ನು ಬಾಗಿಸುತ್ತದೆ, ವಾಲ್ವ್‌ಗಳು ಚಲಿಸುವ ಗೈಡುಗಳನ್ನು ಒಡೆಯುತ್ತದೆ. ಆಯಿಲ್ ಸಾಲದಾದರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕೂರುವ ಜಾಗದಲ್ಲಿ ಗೀರು ಬೀಳುತ್ತದೆ. ಎಲ್‌ಪಿಜಿ, ಸಿಎನ್‌ಜಿಗೆ ಬದಲಾಯಿಸಿದ ಇಂಜಿನ್‌ಗಳಲ್ಲಿ ವಾಲ್ವ್ ಸೀಟು ಬೇಗ ಸವೆದು ಒಳಕ್ಕೆ ಇಳಿಯುತ್ತದೆ.

ಪತ್ತೆ

ಬಿಳಿ ಹೊಗೆ, ಕಾರಣವಿಲ್ಲದೆ ಕಡಿಮೆಯಾಗುವ ಕೂಲೆಂಟ್, ರೇಡಿಯೇಟರಿನಲ್ಲಿ ಗುಳ್ಳೆ, ಆಯಿಲ್ ಹಾಲುಗಂದು ಬಣ್ಣಕ್ಕೆ ತಿರುಗುವುದು ಮುಖ್ಯ ಲಕ್ಷಣಗಳು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆದಾಗ ಅಕ್ಕಪಕ್ಕದ ಎರಡರಲ್ಲೂ ಒತ್ತಡ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೊಡೆದಿರುವ ಸಂಭವ ಹೆಚ್ಚು. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ಪರೀಕ್ಷಾದ್ರವದ ಮೂಲಕ ಹಾಯಿಸಿದಾಗ ಅದು ಹಳದಿಗೆ ತಿರುಗಿದರೆ ಉರಿಯ ಅನಿಲ ಕೂಲೆಂಟಿಗೆ ಸೇರುತ್ತಿದೆ ಎಂದರ್ಥ. ಗ್ಯಾಸ್ಕೆಟ್ ಹೊಡೆದಿದೆ ಎಂದು ಗೊತ್ತಾದ ಮಾತ್ರಕ್ಕೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುವಂತಿಲ್ಲ. ಹೆಡ್ಡು ಬಾಗಿದ್ದರಿಂದಲೇ ಅದು ಹೊಡೆದಿರಬಹುದು.

ಬಿಚ್ಚುವಿಕೆ, ತೊಳೆತ, ಅಳತೆ

ಇಂಜಿನ್ ಪೂರ್ತಿ ತಣಿದ ಮೇಲೆಯೇ ಹೆಡ್ಡು ಬಿಚ್ಚಬೇಕು. ಬೋಲ್ಟುಗಳನ್ನು ಎರಡೂ ತುದಿಗಳಿಂದ ನಡುವಿನ ಕಡೆಗೆ, ಎರಡು ಮೂರು ಸುತ್ತುಗಳಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಬಿಸಿಯಲ್ಲಿ, ಒಂದೇ ಕಡೆಯಿಂದ ಬಿಚ್ಚಿದರೆ ನೆಟ್ಟಗಿದ್ದ ಹೆಡ್ಡೂ ಬಾಗುತ್ತದೆ.

ಕಬ್ಬಿಣದ ಬ್ಲಾಕನ್ನು ಕುದಿಯುವ ಕಾಸ್ಟಿಕ್ ಸೋಡಾದಲ್ಲಿ ತೊಳೆಯುವ ರೂಢಿ ಹಲವೆಡೆ ಇದೆ. ಅಲ್ಯುಮಿನಿಯಂ ಹೆಡ್ಡನ್ನು ಅದಕ್ಕೆ ಇಳಿಸಲೇಬಾರದು. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ಲೋಹವನ್ನೇ ಕರಗಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ಸೀಮೆಎಣ್ಣೆ, ಅಲ್ಯುಮಿನಿಯಂಗೆ ಹೊಂದುವ ಮಾರ್ಜಕ, ಅಲ್ಟ್ರಾಸಾನಿಕ್ ತೊಟ್ಟಿ ಸರಿಯಾದ ದಾರಿಗಳು. ಗ್ಯಾಸ್ಕೆಟಿನ ಅಂಟು ಕೆರೆಯಲು ಪ್ಲಾಸ್ಟಿಕ್ ಅಥವಾ ಮರದ ಉಳಿ ಸಾಕು. ಉಕ್ಕಿನ ಉಳಿ, ಎಮೆರಿ ಚಕ್ರ ಮೆತ್ತನೆಯ ಲೋಹದಲ್ಲಿ ಗೀರು ಮತ್ತು ಹಳ್ಳ ಮಾಡುತ್ತವೆ.

ಅಳತೆಗೆ ಬೇಕಾದದ್ದು ನಿಖರವಾದ ಸ್ಟ್ರೇಟ್ ಎಡ್ಜ್ ಪಟ್ಟಿ ಮತ್ತು ಫೀಲರ್ ಗೇಜ್. ಪಟ್ಟಿಯನ್ನು ಹೆಡ್ಡಿನ ಮುಖದ ಮೇಲೆ ಎರಡು ಉದ್ದ, ಎರಡು ಅಗಲ, ಎರಡು ಕರ್ಣ ಹೀಗೆ ಆರು ಕಡೆ ನಿಲ್ಲಿಸಿ, ಅದರ ಕೆಳಗೆ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡಬೇಕು. 0.05 ಮಿ.ಮೀ. ಎಲೆ ನಡುವೆ ತಡೆಯಿಲ್ಲದೆ ಜಾರಿದರೆ ಅನುಮಾನ, 0.10 ಮಿ.ಮೀ. ಎಲೆಯೂ ಜಾರಿದರೆ ಬಹುತೇಕ ಕಾರುಗಳಲ್ಲಿ ಆ ಹೆಡ್ಡು ಮಿತಿ ಮುಟ್ಟಿದೆ ಅಥವಾ ದಾಟಿದೆ ಎಂದೇ ಲೆಕ್ಕ. ಕೊನೆಯ ತೀರ್ಮಾನ ಆಯಾ ಇಂಜಿನ್ನಿನ ಸರ್ವಿಸ್ ಕೈಪಿಡಿಯದು.

ಅಲ್ಯುಮಿನಿಯಂ ಕಾಂತಕ್ಕೆ ಅಂಟದ ಕಾರಣ ಕಬ್ಬಿಣಕ್ಕೆ ಮಾಡುವ ಕಾಂತೀಯ ಬಿರುಕು ಪರೀಕ್ಷೆ ಇಲ್ಲಿ ನಡೆಯದು. ಬದಲಿಗೆ ಕೆಂಪು ಬಣ್ಣದ ದ್ರವ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತಾರೆ. ಕೂದಲೆಳೆಯ ಬಿರುಕಿನಲ್ಲಿ ಇಳಿದಿದ್ದ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ. ಒಳಗಿನ ಬಿರುಕಿಗೆ ಪ್ರೆಷರ್ ಟೆಸ್ಟ್ ಬೇಕು. ನೀರಿನ ರಂಧ್ರಗಳನ್ನೆಲ್ಲ ರಬ್ಬರು ಮತ್ತು ಫಲಕದಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕುತ್ತಾರೆ. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಲ್ಲಿ ತೆರೆದುಕೊಳ್ಳುವುದರಿಂದ ಬಿಸಿನೀರೇ ಬೇಕು. ಕೊನೆಗೆ ಬ್ರಿನೆಲ್ ಗಡಸುತನ ನೋಡುವುದು ಒಳ್ಳೆಯದು. ಟಿ6 ಹದದ ಹೆಡ್ಡಿನಲ್ಲಿ ಅದು ಸಾಮಾನ್ಯವಾಗಿ 80ರಿಂದ 100ರ ಆಸುಪಾಸಿನಲ್ಲಿರುತ್ತದೆ. ಬಹಳ ಕೆಳಗೆ ಬಿದ್ದಿದ್ದರೆ ಹೆಡ್ಡು ಬೋಲ್ಟಿನ ಬಿಗಿತವನ್ನು ತಾಳದು.

ನೇರ ಮಾಡುವುದು

ಬಾಗಿದ ಹೆಡ್ಡನ್ನು ಕಂಡಕೂಡಲೇ ಫೇಸಿಂಗಿಗೆ ಕಳಿಸುವುದು ಸಾಮಾನ್ಯ ತಪ್ಪು. ಹೆಡ್ಡು ಬಾಗಿದಾಗ ಕೆಳಮುಖದ ಜೊತೆಗೆ ಮೇಲಿನ ಕ್ಯಾಮ್‌ಶಾಫ್ಟಿನ ಸಾಲೂ ಬಾಗಿರುತ್ತದೆ. ಕೆಳಮುಖವನ್ನಷ್ಟೇ ಕತ್ತರಿಸಿ ನೇರಮಾಡಿದರೆ ಕ್ಯಾಮ್ ಬಾಗಿದ ಸಾಲಿನಲ್ಲೇ ತಿರುಗಬೇಕಾಗುತ್ತದೆ; ಬೇರಿಂಗ್ ಜಾಗ ಸವೆದು ಶಾಫ್ಟು ಮುರಿಯಲೂಬಹುದು. ವಾಲ್ವ್‌ಗಳನ್ನು ಕಳಚಿದ ಹೆಡ್ಡಿನಲ್ಲಿ ಕ್ಯಾಮ್ ಕೂರಿಸಿ, ಕ್ಯಾಪುಗಳನ್ನು ಬಿಗಿದಾಗ ಅದು ಬೆರಳಿಗೇ ಸಲೀಸಾಗಿ ತಿರುಗಬೇಕು. ಇದು ಯಾವ ಗ್ಯಾರೇಜಿನಲ್ಲಾದರೂ ಮಾಡಬಹುದಾದ ಪರೀಕ್ಷೆ.

ನೇರಮಾಡಲು ದಪ್ಪ ಉಕ್ಕಿನ ಫಲಕದ ಮೇಲೆ ಹೆಡ್ಡನ್ನು ಇಟ್ಟು, ತುದಿಗಳ ಕೆಳಗೆ ತೆಳು ತಗಡು ಕೊಟ್ಟು, ನಡುಭಾಗವನ್ನು ಬೋಲ್ಟಿನಿಂದ ಕೆಳಕ್ಕೆ ಎಳೆಯುತ್ತಾರೆ. ಹಾಗೇ ಒಲೆಯಲ್ಲಿ ಸುಮಾರು 200ರಿಂದ 230 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ನಿಧಾನವಾಗಿ ತಣಿಸುತ್ತಾರೆ. ಬಾಗು ಪೂರ್ತಿ ಹೋಗದಿದ್ದರೂ ಬಹುಪಾಲು ಹೋಗುತ್ತದೆ. ಉಳಿದದ್ದನ್ನು ಫೇಸಿಂಗ್ ಸರಿಪಡಿಸುತ್ತದೆ. ಈ ಬಿಸಿಯಲ್ಲಿ ಹದ ಸ್ವಲ್ಪ ಇಳಿಯುವುದರಿಂದ ನಂತರ ಗಡಸುತನವನ್ನು ಇನ್ನೊಮ್ಮೆ ಅಳೆಯಬೇಕು.

ಬಿರುಕಿಗೆ ಬೆಸುಗೆ

ಅಲ್ಯುಮಿನಿಯಂ ಬೆಸುಗೆಯ ಕಷ್ಟ ಅದರ ಮೇಲಿನ ಆಕ್ಸೈಡ್ ಪೊರೆಯಲ್ಲಿದೆ. ಶುದ್ಧ ಲೋಹ 660 ಡಿಗ್ರಿಯಲ್ಲಿ ಕರಗಿದರೆ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಟಿಗ್ ಬೆಸುಗೆಯನ್ನು ನಮ್ಮಲ್ಲಿ ಎಲ್ಲರೂ ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ. ಇದರಲ್ಲಿ ಎಸಿ ವಿದ್ಯುತ್ತಿನ ಒಂದು ಅರ್ಧಚಕ್ರ ಪೊರೆಯನ್ನು ಚದುರಿಸಿದರೆ ಇನ್ನೊಂದು ಲೋಹವನ್ನು ಕರಗಿಸುತ್ತದೆ. ಆರ್ಗಾನ್ ಅನಿಲ ಗಾಳಿ ತಾಗದಂತೆ ಕಾಯುತ್ತದೆ.

ಮೊದಲು ಬಿರುಕನ್ನು ಅದರ ಬುಡದವರೆಗೂ ಕಾರ್ಬೈಡ್ ಬರ್‌ನಿಂದ ವಿ ಆಕಾರದಲ್ಲಿ ಕೊರೆದು ತೆಗೆಯಬೇಕು. ಸೀಟಿನ ಬಳಿಯಾದರೆ ಸೀಟನ್ನೂ ಕಳಚಬೇಕು. ಹೆಡ್ಡನ್ನು 150ರಿಂದ 200 ಡಿಗ್ರಿಗೆ ಕಾಯಿಸಿ, ಶೇ 5ರಷ್ಟು ಸಿಲಿಕಾನ್ ಇರುವ 4043 ಅಥವಾ ಶೇ 12ರಷ್ಟಿರುವ 4047 ಕಡ್ಡಿಯಿಂದ ತುಂಬುತ್ತಾರೆ. ಬೆಸುಗೆಗಾರ ಗಮನಿಸುವುದು ಕರಗಿದ ಕೊಳದ ಮುಖವನ್ನು. ಅದು ಕನ್ನಡಿಯಂತೆ ಹೊಳೆಯುತ್ತಿದ್ದರೆ ಲೋಹ ಶುದ್ಧವಾಗಿದೆ. ಕಪ್ಪು ಚುಕ್ಕೆಗಳು ತೇಲಿ, ಕೊಳ ಚಿಟಪಟ ಸಿಡಿದರೆ ಎರಕದ ರಂಧ್ರಗಳಲ್ಲಿ ವರ್ಷಗಟ್ಟಲೆ ಹೀರಿದ ಆಯಿಲ್ ಹೊರಬರುತ್ತಿದೆ. ಆಗ ನಿಲ್ಲಿಸಿ, ಆ ಲೋಹವನ್ನು ಕೊರೆದು ತೆಗೆದು ಮತ್ತೆ ಶುರುಮಾಡಬೇಕು. ಕರಗಿದ ಅಲ್ಯುಮಿನಿಯಂ ಎಣ್ಣೆ ಮತ್ತು ತೇವದಿಂದ ಬರುವ ಹೈಡ್ರೋಜನನ್ನು ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಗುಳ್ಳೆಯಾಗಿ ಒಳಗೇ ಬಿಡುತ್ತದೆ. ಅಂಥ ಬೆಸುಗೆ ಮೇಲೆ ಚೆನ್ನಾಗಿ ಕಂಡರೂ ಪ್ರೆಷರ್ ಟೆಸ್ಟಿನಲ್ಲಿ ಸೋರುತ್ತದೆ. ಬೆಸೆದ ಹೆಡ್ಡನ್ನು ಒಣ ಮರಳಿನಲ್ಲಿ ಅಥವಾ ಸೆರಾಮಿಕ್ ಹೊದಿಕೆಯಲ್ಲಿ ನಿಧಾನವಾಗಿ ತಣಿಸಬೇಕು.

ಬೆಸುಗೆಗೆ ಮುನ್ನ ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಹೆಡ್ಡು ಒರೆಸಬಾರದು. ಆರ್ಕ್‌ನ ಕಿರಣ ಮತ್ತು ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಕೆಲಸಗಾರನ ಜೀವದ ಪ್ರಶ್ನೆಯಾದ ಈ ಎಚ್ಚರಿಕೆ ಪ್ರತಿ ವೆಲ್ಡಿಂಗ್ ಅಂಗಡಿಯ ಗೋಡೆಯ ಮೇಲಿರಬೇಕು.

ಕೆಲವು ಬಿರುಕುಗಳಿಗೆ ಬೆಸುಗೆಯಿಲ್ಲದ ದಾರಿಯೂ ಇದೆ. ಬಿರುಕಿನುದ್ದಕ್ಕೂ ಒಂದರ ಅಂಚು ಇನ್ನೊಂದನ್ನು ಕತ್ತರಿಸುವಂತೆ ಥ್ರೆಡ್ ಪಿನ್ನುಗಳನ್ನು ಕೂರಿಸಿ ಹೊಲಿಯುವ ವಿಧಾನ ಇದು; ಶಾಖ ಬೇಡವಾದ್ದರಿಂದ ಹೆಡ್ಡು ಬಾಗದು. ಎಪಾಕ್ಸಿ ಅಂಟು ಹೊರಗಿನ ನೀರಿನ ಗೋಡೆಗೆ ತಾತ್ಕಾಲಿಕವಾಗಿ ಸಲ್ಲಬಹುದು. ಉರಿಯುವ ಕೋಣೆಯ ಕಡೆಗೆ ಅದು ನಿಲ್ಲದು.

ಥ್ರೆಡ್, ಗೈಡು, ಸೀಟು

ಕಿತ್ತುಹೋದ ಪ್ಲಗ್ ಥ್ರೆಡ್‌ಗೆ ಹೆಲಿಕಾಯಿಲ್ ಸರಳ ಪರಿಹಾರ. ರಂಧ್ರವನ್ನು ದೊಡ್ಡದು ಮಾಡಿ, ವಿಶೇಷ ಟ್ಯಾಪಿನಿಂದ ಹೊಸ ಥ್ರೆಡ್ ಕೊರೆದು, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿಯನ್ನು ತಿರುಪುತ್ತಾರೆ. ಒಳಗೆ ಮೊದಲಿನ ಅಳತೆಯೇ ಉಳಿಯುತ್ತದೆ. ಪದೇ ಪದೇ ಬಿಚ್ಚುವ ಪ್ಲಗ್‌ಗೆ ಗಟ್ಟಿ ಬುಶ್ ಇನ್ನೂ ಒಳ್ಳೆಯದು.

ಸವೆದ ವಾಲ್ವ್ ಗೈಡುಗಳನ್ನು ಹೆಡ್ಡನ್ನು ಸುಮಾರು 100 ಡಿಗ್ರಿಗೆ ಕಾಯಿಸಿ ಬದಲಾಯಿಸುತ್ತಾರೆ. ಸೀಟಿನ ಉಂಗುರ ತನ್ನ ಗೂಡಿಗಿಂತ 0.08ರಿಂದ 0.13 ಮಿ.ಮೀ.ನಷ್ಟು ದೊಡ್ಡದಿರುತ್ತದೆ. ಹೆಡ್ಡನ್ನು ಕಾಯಿಸಿ, ಉಂಗುರವನ್ನು ಡ್ರೈ ಐಸ್ ಅಥವಾ ದ್ರವ ಸಾರಜನಕದಲ್ಲಿ ತಣಿಸಿದರೆ ಅದು ಗೂಡಿಗೆ ತಾನೇ ಇಳಿಯುತ್ತದೆ; ಸುತ್ತಿಗೆಯಿಂದ ಬಡಿದು ಕೂರಿಸಿದ ಸೀಟು ಓಡುವಾಗ ಕಳಚಿಬಿದ್ದು ಇಂಜಿನ್ನನ್ನೇ ಮುರಿಯಬಹುದು. ಗೈಡಿನ ಕೆಲಸ ಮುಗಿದ ಮೇಲಷ್ಟೇ ಸೀಟ್ ಕಟಿಂಗ್, ಏಕೆಂದರೆ ಕಟ್ಟರ್‌ನ ದಾರಿ ಗೈಡಿನ ನಡುವಿನಿಂದ. 30, 45, 60 ಡಿಗ್ರಿಯ ಮೂರು ಕೋನಗಳಲ್ಲಿ ಕತ್ತರಿಸಿ, ನಡುವೆ ಒಂದೆರಡು ಮಿ.ಮೀ. ಅಗಲದ ಪಟ್ಟಿ ಉಳಿಸುತ್ತಾರೆ. ವಾಲ್ವ್ ತನ್ನ ಶಾಖವನ್ನು ಹೆಡ್ಡಿಗೆ ಬಿಟ್ಟುಕೊಡುವುದು ಮುಖ್ಯವಾಗಿ ಈ ಪಟ್ಟಿಯ ಮೂಲಕ.

ಫೇಸಿಂಗ್ ಮತ್ತು ಜೋಡಣೆ

ಫೇಸಿಂಗ್‌ನಲ್ಲಿ ಮುಖ ಸಮವಾಗುವಷ್ಟೇ ಲೋಹ ತೆಗೆಯಬೇಕು. ಉದಾಹರಣೆಗೆ, 80 ಮಿ.ಮೀ. ಬೋರಿನ, 400 ಘನ ಸೆಂ.ಮೀ.ನ, 10ಕ್ಕೆ 1 ಕಂಪ್ರೆಷನ್ ಅನುಪಾತದ ಸಿಲಿಂಡರಿನಲ್ಲಿ ಉರಿಯುವ ಕೋಣೆ ಬೋರಿನಷ್ಟೇ ಅಗಲವಿದ್ದರೆ, 0.25 ಮಿ.ಮೀ. ಕತ್ತರಿಸಿದಾಗ ಅನುಪಾತ ಸುಮಾರು 10.26ಕ್ಕೆ ಏರುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಇದು ನಾಕಿಂಗ್‌ಗೆ ದಾರಿ. ಡೀಸೆಲಿನಲ್ಲಿ ವಾಲ್ವ್ ಮತ್ತು ಪಿಸ್ಟನ್ನಿನ ನಡುವಿನ ಅಂತರವೇ ಕರಗುವ ಅಪಾಯವಿದೆ. ಕೆಲವು ತಯಾರಕರು ಇದಕ್ಕಾಗಿ ದಪ್ಪ ಗ್ಯಾಸ್ಕೆಟ್ ಕೊಡುತ್ತಾರೆ; ಇನ್ನು ಕೆಲವರು ಫೇಸಿಂಗನ್ನೇ ನಿಷೇಧಿಸುತ್ತಾರೆ. ಇಂದಿನ ಬಹುಪದರ ಉಕ್ಕಿನ ಗ್ಯಾಸ್ಕೆಟ್‌ಗಳಿಗೆ ಹಳೆಯ ಗ್ಯಾಸ್ಕೆಟ್‌ಗಳಿಗಿಂತ ನುಣುಪಾದ ಮುಖ ಬೇಕು. ಒರಟು ಕಡಿತದ ಮೇಲೆ ಅವು ಸೋರುತ್ತವೆ.

ಜೋಡಿಸುವಾಗ ಬ್ಲಾಕಿನ ಮುಖವನ್ನೂ ಅಳೆಯಬೇಕು. ಬೋಲ್ಟಿನ ಕುರುಡು ರಂಧ್ರಗಳಲ್ಲಿ ಆಯಿಲ್ ಅಥವಾ ನೀರು ಉಳಿದಿದ್ದರೆ ಬಿಗಿಯುವಾಗ ಬ್ಲಾಕೇ ಸೀಳಬಹುದು. ಬೋಲ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಕೈಪಿಡಿಯ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಟಾರ್ಕಿನ ನಂತರ ಇಂತಿಷ್ಟು ಡಿಗ್ರಿ ತಿರುಗಿಸಬೇಕೆಂದು ಹೇಳಿರುವ ಬೋಲ್ಟುಗಳು ಬಿಗಿಯುವಾಗಲೇ ಹಿಗ್ಗುವಂಥವು. ಸಾಮಾನ್ಯವಾಗಿ ಅವನ್ನು ಎರಡನೇ ಸಲ ಬಳಸುವಂತಿಲ್ಲ.

ದುರಸ್ತಿಯೋ, ಹೊಸದೋ

ಮೆತ್ತಗಾದ, ಕ್ಯಾಮ್ ಸಾಲು ಕೆಟ್ಟ, ಹಲವು ಸೀಟುಗಳ ನಡುವೆ ಬಿರಿದ, ಈಗಾಗಲೇ ಮಿತಿಯವರೆಗೆ ಫೇಸಿಂಗ್ ಆದ ಹೆಡ್ಡನ್ನು ಬಿಟ್ಟು ಹೊಸದನ್ನು ಹಾಕುವುದೇ ಸರಿ. ಬಿಟ್ಟ ಹೆಡ್ಡೂ ವ್ಯರ್ಥವಲ್ಲ. ಅದಿರಿನಿಂದ ಅಲ್ಯುಮಿನಿಯಂ ತೆಗೆಯಲು ಬೇಕಾದ ಶಕ್ತಿಯ ಸುಮಾರು ಶೇ 5ರಷ್ಟರಲ್ಲೇ ಗುಜರಿಯ ಲೋಹ ಮತ್ತೆ ಎರಕವಾಗುತ್ತದೆ. ಉಳಿದ ಹೆಡ್ಡುಗಳಲ್ಲಿ ಸಾಕಷ್ಟನ್ನು ದುರಸ್ತಿ ಉಳಿಸುತ್ತದೆ. ಒಂದು ಗಾಡಿಯ ದುಡಿಮೆಯಲ್ಲೇ ಬದುಕುವ ಆಟೊ, ಟ್ಯಾಕ್ಸಿ ಚಾಲಕರಿಗೆ ಅದು ಸಣ್ಣ ಉಳಿತಾಯವಲ್ಲ.

ತಡೆಯುವ ದಾರಿ

ದೇವರಾಯನದುರ್ಗದ ಏರು ಹತ್ತುವಾಗಲೋ ಬೇಸಿಗೆಯಲ್ಲಿ ಹೆದ್ದಾರಿಯ ಓಟದಲ್ಲೋ ಉಷ್ಣತೆಯ ಮುಳ್ಳು ಕೆಂಪಿಗೆ ಏರಿದರೆ ಗಾಡಿಯನ್ನು ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಬಾರದು. ಮುಚ್ಚಳ ಹಿಡಿದಿಡುವ ಸುಮಾರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ನೀರು 120 ಡಿಗ್ರಿಯವರೆಗೆ ಕುದಿಯದೆ ನಿಂತಿರುತ್ತದೆ; ತೆರೆದ ಕ್ಷಣ ಅದು ಆವಿಯಾಗಿ ಮುಖಕ್ಕೆ ಹಾರುತ್ತದೆ. ರೇಡಿಯೇಟರಿಗೆ ತಯಾರಕರು ಹೇಳಿದ ಕೂಲೆಂಟನ್ನು ಬಟ್ಟಿಯಿಳಿಸಿದ ನೀರಿನೊಂದಿಗೆ ಬೆರೆಸಿ ತುಂಬಬೇಕು, ಹೇಳಿದ ಅವಧಿಗೆ ಬದಲಾಯಿಸಬೇಕು.

ಹೆಡ್ಡನ್ನು ಮಷಿನ್ ಶಾಪಿಗೆ ಕೊಡುವಾಗ ಇಂಜಿನ್ ಎಲ್ಲಿ, ಹೇಗೆ, ಎಷ್ಟು ಹೊತ್ತು ಕಾಯಿತೆಂದು ಹೇಳಿ ಕೊಡಿ. ವಾಪಸು ಪಡೆಯುವಾಗ ಬಾಗು, ಗಡಸುತನ, ತೆಗೆದ ಲೋಹದ ಅಳತೆಗಳನ್ನು ಬರೆಸಿಕೊಳ್ಳಿ. ಇಂಜಿನ್ ಕಾದ ಕಾರಣವನ್ನು ಸರಿಪಡಿಸದೆ ಕೂರಿಸಿದ ಹೆಡ್ಡು, ಅದೆಷ್ಟು ಚೆನ್ನಾಗಿ ದುರಸ್ತಿಯಾಗಿದ್ದರೂ, ಮತ್ತೆ ಬಾಗುತ್ತದೆ.